ಅಜ್ಜಯ್ಯನ ಭಾಮಿನಿ: ‘ನಂಬಿ’ಯೋ, ‘ತುಂಬು’ವೋ? ಛಂದಸ್ಸು ಬಲ್ಲವರು ಸ್ವಲ್ಪ ನೋಡಿ

ಮುಳುಗಡೆ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲದಲ್ಲಿ ಸಾಗರ ತಾಲೂಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ಆಗ ಊರು ಹಿನ್ನೀರಿಗೆ ಹೋಯಿತು. ಅಜ್ಜಯ್ಯ ಮನೆಮಂದಿಯನ್ನು ಕಟ್ಟಿಕೊಂಡು ಶಿವಮೊಗ್ಗ ಕಡೆ ಬಂದರು. ಆ ನೆನಪಿಗೆ ಅವರು ಎರಡು ಪದ್ಯ ಕಟ್ಟಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ‘ಊರಿನ ಪದ್ಯ’ ಅಂತಲೇ ಹೆಸರು.

1964 ಕ್ರೋಧಿ ಸಂವತ್ಸರ. 2024ರಲ್ಲಿ ಮತ್ತೆ ಕ್ರೋಧಿಯೇ ಬಂತು. ಅರವತ್ತು ವರ್ಷ ತುಂಬಿತು ಅಂತ ಇಲ್ಲಿನ ದೇವಸ್ಥಾನದ ಅಂಗಳದಲ್ಲಿ ಒಂದು ನೆನಪಿನ ಕಲ್ಲು ನಿಲ್ಲಿಸುತ್ತಿದ್ದಾರೆ. ಅದರ ಮೇಲೆ ಅಜ್ಜಯ್ಯನ ಪದ್ಯ ಕೆತ್ತಿಸಬೇಕು ಅಂತ ತೀರ್ಮಾನ ಆಗಿದೆ. ಪದ್ಯ ಹೀಗಿದೆ:

ಅಂಬುತೀರ್ಥದ ನೀರು ಬಂದಿತು
ತುಂಬಿ ಕೆರೆಗಳ ಗದ್ದೆ ತೋಟವ
ಕಂಬ ಮುಳುಗಿತು ಸೂರು ಮುಳುಗಿತು ಚೌಡಿ ಬನದೊಡನೆ
ನಂಬಿ ಮಾತನು ಜನರು ಹೊರಟರು
ಹಂಬಲಿಸುತಲೆ ತಿರುಗಿ ನೋಡುತ
ಇಂಬು ದೊರೆಯಿತು ಬೇರೆ ಸೀಮೆಲಿ ಮನಸು ನೀರೊಳಗೆ

ಕ್ರೋಧಿ ವರುಷದ ಮಳೆಯ ದಿನದಲಿ
ಬಾಧೆ ಪಟ್ಟರ ಹೆಸರ ನೆನೆಯುತ
ಸಾಧು ಜನರು ಬಿಟ್ಟ ಮಣ್ಣಿಗೆ ಕೈಯ ಮುಗಿದಿಹೆನು
ಕ್ರೋಧವಿಲ್ಲವು ಹೊಳೆಗೆ ನಮ್ಮಲಿ
ಬೋಧೆ ಬೇಡವು ನಮಗೆ ಬೆಳಕಿನ
ಶೋಧಿಸಿದರೂ ಸಿಗದು ದಾರಿಯು ಊರಿಗಿನ್ನೊಮ್ಮೆ

ಇದು ಅಜ್ಜಯ್ಯನ ನೋಟ್‌ಬುಕ್ಕಿನಲ್ಲಿ ಇರುವ ಪಾಠ. ತಕರಾರು ಇರುವುದು ಮೊದಲನೇ ಪದ್ಯದ ನಾಲ್ಕನೇ ಸಾಲಿನಲ್ಲಿ. ಇಲ್ಲಿ ದೇವರ ಪ್ರತಿಷ್ಠೆ ಆದಾಗ ಒಂದು ಕರಪತ್ರ ಅಚ್ಚಾಗಿತ್ತು. ಅದರಲ್ಲಿ ಆ ಸಾಲು ‘ತುಂಬು ಮನದಲಿ ಜನರು ಹೊರಟರು’ ಅಂತಿದೆ. ಸಮಿತಿಯವರು ಅಚ್ಚಾದದ್ದನ್ನೇ ಕೆತ್ತಿಸೋಣ ಅಂತಾರೆ. ನನಗೆ ನೋಟ್‌ಬುಕ್ಕಿನದೇ ಸರಿ ಅನ್ನಿಸುತ್ತದೆ. ಆದರೆ ಅನ್ನಿಸುತ್ತದೆ ಅಂದರೆ ಸಾಲದು ಅಲ್ವಾ? ಛಂದಸ್ಸು ನೋಡಿ ಯಾವುದು ಮೂಲ ಅಂತ ಹೇಳಬಹುದಾ?

ಅಡಿಕೆ ಸಿಪ್ಪೆ

ಕಲ್ಲು ಕೆತ್ತುವವರು ಅಕ್ಷರಕ್ಕೆ ಇಷ್ಟು ಅಂತ ತಗೊಳ್ತಾರೆ. ಯಾವುದರಲ್ಲಿ ಅಕ್ಷರ ಕಮ್ಮಿಯೋ ಅದನ್ನೇ ಇಟ್ಟುಕೊಳ್ಳಿ.

ಹೊಸನಗರದ ಮೇಷ್ಟ್ರು

ಎಣಿಸಿದೆ ಕಣಪ್ಪ, ‘ನಂಬಿ’ಯ ಸಾಲಿಗೆ ಹನ್ನೆರಡು ಅಕ್ಷರ, ‘ತುಂಬು’ವಿನದಕ್ಕೆ ಹದಿಮೂರು. ಒಂದು ಅಕ್ಷರಕ್ಕೆ ದುಡ್ಡು ಎಷ್ಟು ಉಳಿದೀತು?

ಮೊಮ್ಮಗನೇ, ನಿಮ್ಮ ಅಜ್ಜಯ್ಯನವರು ಕೈ ಪಳಗಿದವರು. ಇದು ಭಾಮಿನಿ ಷಟ್ಪದಿ. ಕುಮಾರವ್ಯಾಸನ ಭಾರತ ಇರುವುದು ಇದೇ ಮಟ್ಟಿನಲ್ಲಿ. ಗೊತ್ತಿಲ್ಲದವರಿಗೆ ಒಂದು ಸಲ ಹೇಳಿಬಿಡುತ್ತೇನೆ. ಆರು ಸಾಲು. 1, 2, 4, 5ನೇ ಸಾಲುಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲು ಉದ್ದ. ಅಲ್ಲಿ ಮೂರು ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಎಣಿಸುವುದು ಸುಲಭ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಮುಂದೆ ಒತ್ತಕ್ಷರ ಇದ್ದರೆ, ಅಥವಾ ಸೊನ್ನೆ ಇದ್ದರೆ, ಹ್ರಸ್ವಕ್ಕೂ ಎರಡು. ಒಂದು ಮಾತ್ರೆಯ ಅಕ್ಷರ ಲಘು, ಎರಡರದು ಗುರು.

ಅಂಬು | ತೀರ್ಥದ | ನೀರು | ಬಂದಿತು

‘ಅಂ’ ಎರಡು, ‘ಬು’ ಒಂದು, ಮೂರಾಯಿತು. ‘ತೀ’ ಎರಡು, ‘ರ್ಥ’ ಒಂದು, ‘ದ’ ಒಂದು, ನಾಲ್ಕು. ಹೀಗೆ ಸಾಲಿಗೆ 14 ಚೊಕ್ಕವಾಗಿ ಕೂರುತ್ತದೆ.

ಪ್ರಾಸ ನೋಡಿ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಇರಬೇಕು. ಸ್ವರ ಬೇರೆ ಆಗಬಹುದು. ಅದರ ಹಿಂದಿನ ಅಕ್ಷರದ ತೂಕವೂ ಆರೂ ಸಾಲಿನಲ್ಲಿ ಒಂದೇ ಇರಬೇಕು. ಹಳಬರು ಆರು ಪ್ರಾಸಕ್ಕೆ ಆರು ಪ್ರಾಣಿಗಳ ಹೆಸರಿಟ್ಟಿದ್ದಾರೆ: ಸಿಂಹ, ಗಜ, ವೃಷಭ, ಶರಭ, ಅಜ, ಹಯ. ಹಿಂದಿನ ಅಕ್ಷರಕ್ಕೆ ಸೊನ್ನೆ ಇದ್ದರೆ ವೃಷಭ, ದೀರ್ಘ ಇದ್ದರೆ ಗಜ. ಅಜ್ಜಯ್ಯ ಮೊದಲನೆಯದಕ್ಕೆ ಎತ್ತು ಕಟ್ಟಿದ್ದಾರೆ, ಎರಡನೆಯದಕ್ಕೆ ಆನೆ.

ಆದರೆ ಒಂದು ಕಡೆ ಕಾಲು ಕುಂಟುತ್ತದೆ. ‘ಸಾಧು | ಜನರು | ಬಿಟ್ಟ | ಮಣ್ಣಿಗೆ’. ಎರಡನೇ ಗಣ, ಅಂದರೆ ಎರಡನೇ ತುಂಡು, ನಾಲ್ಕು ಇರಬೇಕು. ‘ಜನರು’ ಮೂರೇ. ಉಳಿದ ಹನ್ನೊಂದು ಸಾಲು ಸರಿಯಾಗಿ ಬರೆದವರು ಇಲ್ಲಿ ಎಡವಲಿಕ್ಕಿಲ್ಲ. ನೋಟ್‌ಬುಕ್ ಇನ್ನೊಂದು ಸಲ ನೋಡಿ.

ಮುಳುಗಡೆ ಮೊಮ್ಮಗ

ಮೇಷ್ಟ್ರೇ! ಈಗ ತೆಗೆದು ನೋಡಿದೆ. ‘ಸಾಧು ಜನಗಳು’ ಅಂತಿದೆ. ನಾನು ಮೊಬೈಲಿನಲ್ಲಿ ಕುಟ್ಟುವಾಗ ಅಭ್ಯಾಸಬಲದಿಂದ ‘ಜನರು’ ಮಾಡಿಬಿಟ್ಟಿದ್ದೇನೆ. ಮೊದಲನೇ ಪದ್ಯದ ‘ಜನರು’ ತಲೆಯಲ್ಲಿ ಉಳಿದಿತ್ತು ಅಂತ ಕಾಣುತ್ತದೆ. ನೋಟ್‌ಬುಕ್ ನೋಡದೇ ಅಷ್ಟು ದೂರದಿಂದ ಹಿಡಿದಿರಲ್ಲ. ಇದೇ ಪ್ರತಿಯನ್ನು ಕಲ್ಲಿನವರಿಗೆ ಕಳಿಸುವವನಿದ್ದೆ.

ಹೊಸನಗರದ ಮೇಷ್ಟ್ರು

ಅಲ್ಲೇ ಇರುವುದು ನೋಡು ಮಜಾ. ‘ಜನರು’ ಮೂರು, ‘ಜನಗಳು’ ನಾಲ್ಕು. ಮೊದಲನೇ ಪದ್ಯದಲ್ಲಿ ಮೂರರ ಜಾಗ ಇತ್ತು, ‘ಜನರು’ ಇಟ್ಟರು. ಎರಡನೆಯದರಲ್ಲಿ ನಾಲ್ಕರ ಜಾಗ, ‘ಜನಗಳು’ ಇಟ್ಟರು. ಅಳತೆ ನೋಡಿ ಹಲಗೆ ಕೊಯ್ದ ಹಾಗೆ.

ಆಗುಂಬೆ ಮಳೆ

ಹಲಗೆ ಕೊಯ್ದದ್ದು ಕಾಣುವುದೇ ನನ್ನ ತಕರಾರು. ಪದ್ಯದ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ‘ಕ್ರೋಧವಿಲ್ಲವು’, ‘ಬೋಧೆ ಬೇಡವು’. ಆ ‘ವು’ ಯಾತಕ್ಕೆ? ‘ಇಲ್ಲ’, ‘ಬೇಡ’ ಅಂದರೆ ಮಾತು ಮುಗಿಯಿತು. ಮಾತ್ರೆ ತುಂಬಿಸಲಿಕ್ಕೆ ‘ವು’ ತುರುಕಿದ್ದು. ‘ಬಾಧೆಪಟ್ಟವರ’ ಅನ್ನುವುದನ್ನು ‘ಬಾಧೆ ಪಟ್ಟರ’ ಅಂತ ಮುರಿದದ್ದೂ ಅಷ್ಟೇ. ಮಂಜೇಶ್ವರದ ಗೋವಿಂದ ಪೈ ಪ್ರಾಸ ಬಿಟ್ಟು ನೂರು ವರ್ಷದ ಮೇಲಾಯಿತು. ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಇಡೀ ರಾಮಾಯಣವನ್ನೇ ಪ್ರಾಸ ಇಲ್ಲದೆ ಬರೆದರು. ಊರು ಮುಳುಗಿದ ಸಂಕಟ ಹೇಳುವವನು ಎರಡನೇ ಅಕ್ಷರ ಎಣಿಸುತ್ತಾ ಕೂರಬೇಕಾ?

ಗಮಕದ ಅಕ್ಕ

ಆಗುಂಬೆ, ನೀನು ಇದನ್ನು ಕಣ್ಣಲ್ಲಿ ಓದಿದ್ದೀಯ. ಒಂದು ಸಲ ಬಾಯಲ್ಲಿ ಹೇಳು, ಆಮೇಲೆ ಜಗಳಕ್ಕೆ ಬಾ.

ನಾನು ಹೊಸಹಳ್ಳಿಯವರ ಹತ್ತಿರ ಸ್ವಲ್ಪ ಗಮಕ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವುದು, ಕಲಿತವಳು. ತುಂಗೆಯ ಆ ದಡಕ್ಕೆ ಮತ್ತೂರು ಸಂಸ್ಕೃತಕ್ಕೆ ಹೆಸರು, ಈ ದಡಕ್ಕೆ ಹೊಸಹಳ್ಳಿ ಗಮಕಕ್ಕೆ. ಭಾಮಿನಿ ಹಾಡಲಿಕ್ಕೆ ಹುಟ್ಟಿದ ಮಟ್ಟು. ನಮ್ಮ ಕಡೆ ಯಕ್ಷಗಾನದ ಭಾಗವತರೂ ಭಾಮಿನಿಯನ್ನು ಎತ್ತುತ್ತಾರೆ. ಸಾಮಾನ್ಯವಾಗಿ ಅಲ್ಲಿ ತಾಳ ಇರುವುದಿಲ್ಲ, ರಾಗದಲ್ಲಿ ಎಳೆದು ಹೇಳುತ್ತಾರೆ. ಅಜ್ಜಯ್ಯ ಅದನ್ನು ಕೇಳಿ ಬೆಳೆದಿರುತ್ತಾರೆ. ಅವರ ಕಿವಿಯಲ್ಲಿ ಇದ್ದ ಅಳತೆ ಅದು, ಬೆರಳಲ್ಲಿ ಎಣಿಸಿದ್ದಲ್ಲ. ‘ಬೇಡವು’ ಅನ್ನುವ ‘ವು’ ಹಾಡುವಾಗ ಉಸಿರು ತೆಗೆದುಕೊಳ್ಳುವ ಜಾಗ. ಅದನ್ನು ತೆಗೆದು ‘ಬೋಧೆ ಬೇಡ ನಮಗೆ’ ಅಂತ ಹಾಡಿ ನೋಡು, ಮೆಟ್ಟಿಲು ತಪ್ಪಿದ ಹಾಗೆ ಆಗುತ್ತದೆ.

ಮೂರನೇ ಸಾಲು ನೋಡಿ. ‘ಕಂಬ ಮುಳುಗಿತು ಸೂರು ಮುಳುಗಿತು’. ಎರಡು ಸಲ ಮೂರು ನಾಲ್ಕು, ಎರಡು ಸಲವೂ ಅದೇ ಕ್ರಿಯಾಪದ. ಚಿಕ್ಕ ಸಾಲಾಗಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ಭಾಮಿನಿಯ ಮೂರನೇ ಸಾಲು ಮುಂದೆ ಹೋಗುತ್ತದೆ. ಆ ಉಳಿದ ಜಾಗದಲ್ಲಿ ‘ಚೌಡಿ ಬನದೊಡನೆ’ ಬರುತ್ತದೆ. ಮೊದಲು ಕಂಬ, ಆಮೇಲೆ ಸೂರು, ಕೊನೆಗೆ ದೇವತೆಯ ಬನ. ನೀರು ಏರಿದ ಹಾಗೇ ಸಾಲೂ ಏರಿದೆ. ಕೊನೆಯ ‘ನೆ’ ಬರೆಯಲಿಕ್ಕೆ ಲಘು, ಆದರೆ ಸಾಲಿನ ಕೊನೆ ಆದ್ದರಿಂದ ಗುರು ಅಂತಲೇ ಲೆಕ್ಕ. ಹಾಡುವಾಗ ಅದನ್ನು ಬೇಕಾದಷ್ಟು ಎಳೆಯಬಹುದು. ನಾನು ನಿನ್ನೆ ರಾತ್ರಿ ಮುಖಾರಿ ರಾಗದಲ್ಲಿ ಹೇಳಿ ನೋಡಿದೆ. ಮನೆಯವರು ಟೀವಿ ಶಬ್ದ ಕಮ್ಮಿ ಮಾಡಿದರು.

ಆಗುಂಬೆ ಮಳೆ

ಆಯಿತು ಅಕ್ಕ, ಹೇಳಿ ನೋಡಿದೆ. ಮೂರನೇ ಸಾಲಿನ ಮಾತು ಒಪ್ಪಿದೆ. ‘ಹಂಬಲಿಸುತಲೆ’ ಮಾತ್ರ ‘ಹಂಬ’ ‘ಲಿಸುತಲೆ’ ಅಂತ ಎರಡು ತುಂಡಾಗುತ್ತದೆ.

ಹೊಸನಗರದ ಮೇಷ್ಟ್ರು

ಗಣದ ನಡುವೆ ಪದ ಮುರಿದರೆ ದೋಷ ಇಲ್ಲ. ಕುಮಾರವ್ಯಾಸನ ಮೊದಲನೇ ಪದ್ಯದಲ್ಲೇ ‘ರಾಜೀವ’ ಎರಡು ಸಾಲಿಗೆ ಹಂಚಿಹೋಗಿದೆ. ‘ಶ್ರೀವನಿತೆಯರಸನೆ ವಿಮಲ ರಾ’ ಅಂತ ಒಂದು ಸಾಲು, ‘ಜೀವ’ದಿಂದ ಇನ್ನೊಂದು. ಪ್ರಾಸಕ್ಕೆ ‘ವ’ ಬೇಕಿತ್ತು, ಮುರಿದ.

ದೋಷ ಹುಡುಕಬೇಕು ಅಂದರೆ ಕೊನೆಯ ಸಾಲಿನಲ್ಲಿದೆ. ‘ದಾರಿಯು ಊರಿಗಿನ್ನೊಮ್ಮೆ’. ‘ಯು’ ಆದಮೇಲೆ ‘ಊ’. ಸಂಧಿ ಮಾಡದೆ ಬಿಟ್ಟಿದ್ದಾರೆ. ಹಳೆಯ ಪಂಡಿತರು ಇದನ್ನು ವಿಸಂಧಿ ಅಂತ ಗೀಟು ಹಾಕುತ್ತಿದ್ದರು. ನಾನು ಹಾಕುವುದಿಲ್ಲ.

ಗಮಕದ ಅಕ್ಕ

ಹಾಕಬೇಡಿ. ದಾರಿ ಮತ್ತು ಊರಿನ ನಡುವೆ ಸಂಧಿ ಆಗಲಿಲ್ಲ ಅಂತಲೇ ಅಲ್ವಾ ಪದ್ಯ ಇರುವುದು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಹಿನ್ನೀರಿನಲ್ಲಿ ಮುಳುಗಿದ 1948ರ ಹಿರೇಭಾಸ್ಕರ ಅಣೆಕಟ್ಟು ಎದ್ದು ಕಾಣುತ್ತದೆ. ಹಳೆಯ ಅಣೆಕಟ್ಟು ಕಾಣುತ್ತದೆ, ಊರಿನ ದಾರಿ ಕಾಣುವುದಿಲ್ಲ.

ಅಡಿಕೆ ಸಿಪ್ಪೆ

ನನ್ನದೊಂದು ದಡ್ಡ ಪ್ರಶ್ನೆ. ಮುಳುಗಿಸಿದ್ದು ಶರಾವತಿ. ಪದ್ಯದಲ್ಲಿ ಶರಾವತಿಯ ಹೆಸರೇ ಇಲ್ಲವಲ್ಲ?

ಶಾಸನ ಹುಚ್ಚ

ಕೂರುವುದಿಲ್ಲ ಅದಕ್ಕೆ. ‘ಶರಾವತಿ’ ಶುರುವಾಗುವುದೇ ಲಘು ಗುರು ಅಂತ. ಷಟ್ಪದಿಯ ಗಣ ಹಾಗೆ ಶುರುವಾಗಬಾರದು, ನಡೆ ಕೆಡುತ್ತದೆ. ಅದಕ್ಕೇ ಹೊಳೆ ಹುಟ್ಟುವ ಜಾಗದ ಹೆಸರು ಹಿಡಿದರು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥ.

ಹೊಸನಗರದ ಮೇಷ್ಟ್ರು

ಅರ್ಧ ಸರಿ. ಗಣದ ಮೊದಲಲ್ಲಿ ಕೂರುವುದಿಲ್ಲ, ನಡುವೆ ಕೂರುತ್ತದೆ. ‘ಈ ಶ | ರಾವತಿ | ನೀರು | ಬಂದಿತು’. ‘ಈ’ ಎರಡು, ‘ಶ’ ಒಂದು, ಮೂರು. ‘ರಾವತಿ’ ನಾಲ್ಕು. ಏನೂ ತೊಂದರೆ ಇಲ್ಲ. ಆದರೆ ಪ್ರಾಸ ‘ಶ’ಕ್ಕೆ ಹೋಗುತ್ತದೆ. ಆಶೆ, ದೇಶ, ಕ್ಲೇಶ, ನಾಶ ಅಂತ ಪುಸ್ತಕದ ಮಾತೇ ಬರುತ್ತಿತ್ತು. ‘ಅಂಬು’ ಹಿಡಿದದ್ದರಿಂದ ತುಂಬಿ, ಕಂಬ, ಹಂಬಲ, ಇಂಬು ಎಲ್ಲ ಮನೆಮಾತು ಬಂದವು. ರಾಮ ಬಾಣ ಬಿಟ್ಟು ನೀರು ತರಿಸಿದ ಅಂತ ಅಲ್ಲಿ ಸ್ಥಳಪುರಾಣ. ಅಂಬು ಅಂದರೆ ಬಾಣ, ಸಂಸ್ಕೃತದಲ್ಲಿ ನೀರು. ಎರಡೂ ಇಲ್ಲಿ ನಾಟುತ್ತದೆ.

ಶಾಸನ ಹುಚ್ಚ

ತಪ್ಪು ಒಪ್ಪಿದೆ ಸರ್. ‘ಈ ಶರಾವತಿ’ ಹೊಳೆಯಲಿಲ್ಲ.

ಅದಕ್ಕೆ ಪ್ರಾಯಶ್ಚಿತ್ತವಾಗಿ ಒಂದು ವಿಷಯ. ಎರಡನೇ ಪದ್ಯದ ಪ್ರಾಸ ಓದಿದ ಕೂಡಲೇ ನನಗೆ ಬಾದಾಮಿಯ ಬಂಡೆ ಕಣ್ಣಿಗೆ ಬಂತು. ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದು. ಅದೂ ಒಬ್ಬ ವ್ಯಕ್ತಿಯ ನೆನಪಿಗೆ ಬರೆದ ಪದ್ಯವೇ. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ತೀರಾ ಹಳೆಯದು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್
ಮಾಧವನೀತನ್ ಪೆರನಲ್ಲ

ಸಾಧು, ಬಾಧಿ, ಮಾಧವ. ಅಜ್ಜಯ್ಯನಲ್ಲಿ ಬಾಧೆ, ಸಾಧು. ಸಾವಿರದ ಮುನ್ನೂರು ವರ್ಷ ಆದಮೇಲೂ ‘ಧ’ಕಾರಕ್ಕೆ ಕೈ ಹಾಕಿದರೆ ಅದೇ ಪದಗಳು ಕೈಗೆ ಬರುತ್ತವೆ. ಅಜ್ಜಯ್ಯ ಆ ಶಾಸನ ಓದಿದ್ದರು ಅಂತ ನಾನು ಹೇಳುತ್ತಿಲ್ಲ. ಮಟ್ಟೂ ಬೇರೆ. ತ್ರಿಪದಿ ಅಂಶಗಣದ್ದು. ಹನ್ನೊಂದು ಗಣದಲ್ಲಿ 6ನೆಯದೂ 10ನೆಯದೂ ಬ್ರಹ್ಮ (ಎರಡು ಅಂಶದ ಗಣ), ಉಳಿದದ್ದೆಲ್ಲ ವಿಷ್ಣು (ಮೂರು ಅಂಶದ್ದು). ಅಲ್ಲಿ ಮಾತ್ರೆ ಎಣಿಸಿದರೆ ಲೆಕ್ಕ ಹತ್ತುವುದಿಲ್ಲ. ಪ್ರಾಸದ ಕಟ್ಟು ಮಾತ್ರ ಒಂದೇ.

ಇನ್ನೊಂದು ನಮ್ಮ ಜಿಲ್ಲೆಯದೇ. ಶಿಕಾರಿಪುರ ತಾಲೂಕಿನ ತಾಳಗುಂದಕ್ಕೆ ಹೋದವರು ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬ ನೋಡಿರುತ್ತೀರಿ. ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ನೆನಪಿಗೆ ಸಂಸ್ಕೃತದಲ್ಲಿ ಬರೆದ ಕಾವ್ಯ ಅದು. ಮೊದಲ ಭಾಗ ಮಾತ್ರಾವೃತ್ತದಲ್ಲಿದೆ, ಆಮೇಲೆ ಬೇರೆ ಬೇರೆ ವೃತ್ತ ಬರುತ್ತವೆ. ಕವಿ ಕುಬ್ಜ. ಈ ಕಾವ್ಯವನ್ನು ಕಲ್ಲಿನ ಮೇಲೆ ನಾನೇ ಬರೆದೆ ಅಂತ ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಬುದ್ಧಿವಂತ! ನಡುವೆ ಕರಪತ್ರವೂ ಇಲ್ಲ, ಸಮಿತಿಯೂ ಇಲ್ಲ.

ಮುಳುಗಡೆ ಮೊಮ್ಮಗ

ಕುಬ್ಜನ ಅದೃಷ್ಟ ನನ್ನ ಅಜ್ಜಯ್ಯನಿಗೆ ಇರಲಿಲ್ಲ. ಎಲ್ಲರೂ ಎಷ್ಟು ಚೆನ್ನಾಗಿ ಹೇಳುತ್ತಿದ್ದೀರಿ, ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ‘ಜನರು’ ತಪ್ಪು ಅಂತ ಛಂದಸ್ಸು ಹಿಡಿದುಕೊಟ್ಟಿತಲ್ಲ. ‘ತುಂಬು ಮನದಲಿ’ ತಪ್ಪು ಅಂತಲೂ ಹಿಡಿದುಕೊಡಬೇಕು ತಾನೇ?

ಹೊಸನಗರದ ಮೇಷ್ಟ್ರು

ಅಲ್ಲೇ ಸಿಕ್ಕಿಬಿದ್ದೆವು ಮಗಾ. ‘ನಂಬಿ | ಮಾತನು’, ‘ತುಂಬು | ಮನದಲಿ’. ಎರಡೂ ಮೂರು ನಾಲ್ಕು. ಎರಡಕ್ಕೂ ವೃಷಭ ಪ್ರಾಸ. ಗಣದ ಮೊದಲಲ್ಲಿ ಲಘು ಗುರು ಎರಡರಲ್ಲೂ ಇಲ್ಲ. ತಕ್ಕಡಿ ಒಂದು ಕೂದಲೂ ಅಲ್ಲಾಡುವುದಿಲ್ಲ. ತಿದ್ದಿದವರು ಯಾರೇ ಇರಲಿ, ಛಂದಸ್ಸು ಗೊತ್ತಿದ್ದವರೇ ತಿದ್ದಿದ್ದಾರೆ.

ಛಂದಸ್ಸು ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ಕರಪತ್ರದಲ್ಲಿ ‘ವರುಷದ’ ಅಂತಿದೆಯೋ ‘ವರ್ಷದ’ ಅಂತಿದೆಯೋ ನೋಡು. ‘ವರುಷದ’ ನಾಲ್ಕು ಲಘು. ‘ವರ್ಷದ’ ಅಂದರೂ ‘ವ’ ಗುರುವಾಗಿ ನಾಲ್ಕೇ. ಯಾವುದು ಇದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಮುಳುಗಡೆ ಮೊಮ್ಮಗ

‘ವರ್ಷದ’ ಅಂತಿದೆ ಕರಪತ್ರದಲ್ಲಿ! ನೋಟ್‌ಬುಕ್ಕಿನಲ್ಲಿ ‘ವರುಷದ’.

ಶಾಸನ ಹುಚ್ಚ

ಮಾತ್ರೆ ಸುಮ್ಮನಿದ್ದರೆ ಪ್ರಾಸವನ್ನು ಕೇಳೋಣ. ನೋಟ್‌ಬುಕ್ಕಿನ ಪಾಠದಲ್ಲಿ ಪ್ರಾಸದ ಪದಗಳು ಅಂಬು, ತುಂಬಿ, ಕಂಬ, ನಂಬಿ, ಹಂಬಲ, ಇಂಬು. ಆರೂ ಬೇರೆ ಬೇರೆ. ಕರಪತ್ರದಲ್ಲಿ ಅಂಬು, ತುಂಬಿ, ಕಂಬ, ತುಂಬು. ಒಂದೇ ಪದ ಎರಡು ಸಲ ಬಂತು. ಆರು ಸಾಲಿಗೆ ಆರು ಪದ ಹುಡುಕಿದ ಮನುಷ್ಯ ಒಂದು ಕಡೆ ಮಾತ್ರ ಬಡತನ ತೋರಿಸುತ್ತಾನಾ? ಹೊರಗಿನವರು ಕೈ ಹಾಕಿದ್ದು ಇಲ್ಲೇ. ನನ್ನ ಮತ ‘ನಂಬಿ’ಗೆ.

ಅಡಿಕೆ ಸಿಪ್ಪೆ

ಹುಚ್ಚಣ್ಣನ ವಾದ ನೋಡಿದರೆ ಕೋರ್ಟಿಗೆ ಹೋಗಬಹುದು.

ಆಗುಂಬೆ ಮಳೆ

ಹೋದರೆ ಸೋಲುತ್ತಾರೆ. ನನಗೂ ‘ನಂಬಿ ಮಾತನು’ ಇಷ್ಟ, ಆದರೆ ಈ ವಾದ ನಿಲ್ಲುವುದಿಲ್ಲ. ಎರಡನೇ ಪದ್ಯದ ಪ್ರಾಸ ನೋಡಿ. ಮೊದಲ ಸಾಲು ‘ಕ್ರೋಧಿ’, ನಾಲ್ಕನೇ ಸಾಲು ‘ಕ್ರೋಧ’. ಅಲ್ಲೂ ಪದ ಮರಳಿ ಬಂದಿದೆ. ಅದು ಬಡತನ ಅಲ್ಲ, ಬೇಕಂತಲೇ ಮಾಡಿದ್ದು. ಸಂವತ್ಸರದ ಹೆಸರು ಕ್ರೋಧಿ, ಹೊಳೆಗೆ ಮಾತ್ರ ಕ್ರೋಧ ಇಲ್ಲ. ಇಡೀ ಪದ್ಯದಲ್ಲಿ ನನಗೆ ಹಿಡಿಸಿದ ಜಾಗ ಅದು. ಹಾಗಾದರೆ ಮೊದಲನೆಯದರಲ್ಲೂ ಅವರೇ ಆ ಆಟ ಆಡಿರಬಹುದಲ್ಲ? ಎರಡನೇ ಸಾಲಿನಲ್ಲಿ ನೀರು ಕೆರೆ ತುಂಬುತ್ತದೆ, ನಾಲ್ಕನೇ ಸಾಲಿನಲ್ಲಿ ಮನಸ್ಸು ತುಂಬುತ್ತದೆ. ಎರಡೂ ಪದ್ಯದಲ್ಲಿ ಮರಳಿ ಬರುವುದು ನಾಲ್ಕನೇ ಸಾಲಿಗೇ. ಪ್ರಾಸವೇ ಬೇಡ ಅಂದವನು ನಾನು, ಈಗ ಪ್ರಾಸದ ಮೇಲೇ ವಾದ ಮಾಡುತ್ತಿದ್ದೇನೆ. ನನ್ನ ಗ್ರಹಚಾರ.

ಶಾಸನ ಹುಚ್ಚ

ಮಾರಾಯ, ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಗಮಕದ ಅಕ್ಕ

ಅರ್ಥದ ಕಡೆಯಿಂದ ಬನ್ನಿ. ‘ತುಂಬು ಮನದಲಿ ಹೊರಟರು’ ಅಂದರೆ ಖುಷಿಯಿಂದ, ಒಪ್ಪಿಕೊಂಡು ಹೊರಟರು ಅಂತ. ತುಂಬು ಮನಸ್ಸಿನಿಂದ ಹರಸುತ್ತೇವಲ್ಲ, ಹಾಗೆ. ಹಾಗೆ ಹೊರಟವರು ಮರುಸಾಲಿನಲ್ಲೇ ಹಂಬಲಿಸಿ ತಿರುಗಿ ಯಾಕೆ ನೋಡಬೇಕು? ‘ನಂಬಿ ಮಾತನು’ ಅಂದರೆ ಸರಿಹೋಗುತ್ತದೆ. ಜಾಗ ಕೊಡುತ್ತೇವೆ ಅಂದರು, ನಂಬಿ ಹೊರಟರು, ಆದರೂ ತಿರುಗಿ ತಿರುಗಿ ನೋಡಿದರು.

ಇದನ್ನು ಬರೆಯುತ್ತಿರುವಾಗಲೇ ಇನ್ನೊಂದು ಹೊಳೆಯಿತು, ಮುಚ್ಚಿಡುವುದಿಲ್ಲ. ‘ಮನಸ್ಸು ತುಂಬಿ ಬಂತು’ ಅಂದರೆ ಖುಷಿ ಅಲ್ಲ, ಗಂಟಲು ಕಟ್ಟಿತು ಅಂತ. ‘ತುಂಬು ಮನ’ ಅಂತ ಬರೆದರೆ ಓದುವವರಿಗೆ ಮೊದಲನೆಯದು ಕಾಣುತ್ತದೆ. ಗೊತ್ತಿದ್ದವರಿಗೆ ಎರಡನೆಯದು ಕೇಳುತ್ತದೆ. ಇದನ್ನು ಸುಮ್ನೆ ಯಾರೋ ತುರುಕಿದರು ಅನ್ನಲಿಕ್ಕೆ ನನಗೆ ಈಗ ಧೈರ್ಯ ಸಾಲುತ್ತಿಲ್ಲ.

ಸಮಿತಿಯಲ್ಲೊಬ್ಬ

ಎರಡು ದಿನದಿಂದ ಓದುತ್ತಿದ್ದೇನೆ. ನಾನು ಆ ಸಮಿತಿಯವನೇ. ನಮ್ಮನ್ನು ವಿಲನ್ ಮಾಡಬೇಡಿ. ನಮ್ಮ ಅಪ್ಪನೂ ಅದೇ ಲಾರಿಯಲ್ಲಿ ಬಂದವರು. ಕರಪತ್ರ ಅಚ್ಚಾದದ್ದು ನಿಮ್ಮ ಅಜ್ಜಯ್ಯ ಬದುಕಿದ್ದಾಗಲೇ. ಪ್ರತಿಷ್ಠೆಯ ದಿನ ಅವರೇ ನಿಂತು ಓದಿದ್ದರು. ತಪ್ಪಿದ್ದರೆ ಅವತ್ತೇ ಹೇಳುತ್ತಿದ್ದರು ಅಲ್ವಾ? ಅದಕ್ಕೇ ಅದನ್ನು ಇಟ್ಟುಕೊಂಡದ್ದು. ಬೇರೆ ಉದ್ದೇಶ ಇಲ್ಲ.

ಹೊಸನಗರದ ಮೇಷ್ಟ್ರು

ಇವರ ಮಾತಿನಲ್ಲಿ ತೂಕ ಇದೆ. ಕವಿ ಬದುಕಿದ್ದಾಗ ಅಚ್ಚಾದ ಪಾಠವನ್ನು ಸುಲಭಕ್ಕೆ ತಳ್ಳಿಹಾಕುವ ಹಾಗಿಲ್ಲ.

ಅಡಿಕೆ ಸಿಪ್ಪೆ

ಒಂದು ಸಲ ತಮಾಷೆ ಬಿಟ್ಟು ಹೇಳುತ್ತೇನೆ. ನೀವೆಲ್ಲ ಕಾಗದ ಕಾಗದ ಅಂತಿದ್ದೀರಿ. ಮನೆಯಲ್ಲಿ ಅದನ್ನು ಹಾಡುತ್ತಿದ್ದರು ತಾನೇ? ಹಾಡು ನೆನಪಿಟ್ಟುಕೊಳ್ಳುವುದು ಹೆಂಗಸರು. ನಮ್ಮಮ್ಮನಿಗೆ ನಿನ್ನೆ ಏನು ಸಾರು ಮಾಡಿದ್ದು ಅಂತ ನೆನಪಿಲ್ಲ. ಎಂಟು ವರ್ಷದವಳಿದ್ದಾಗ ಕಲಿತ ಶೋಭಾನೆ ಒಂದಕ್ಷರ ಬಿಡದೆ ಹೇಳುತ್ತಾರೆ. ಯಾರಾದರೂ ಇದ್ದಾರಾ ಹಾಗೆ?

ಮುಳುಗಡೆ ಮೊಮ್ಮಗ

ಇದ್ದಾರೆ. ಅಪ್ಪನ ಅಕ್ಕ, ನನ್ನ ದೊಡ್ಡತ್ತೆ. ಊರು ಬಿಡುವಾಗ ಅವರಿಗೆ ಹತ್ತೋ ಹನ್ನೊಂದೋ. ನಾಳೆ ಹೋಗಿ ಬರುತ್ತೇನೆ.

ಮುಳುಗಡೆ ಮೊಮ್ಮಗ

ಹೋಗಿ ಬಂದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅತ್ತೆ ಅಂಗಳದಲ್ಲಿ ಕೂತು ಹಲಸಿನ ತೊಳೆ ಬಿಡಿಸುತ್ತಿದ್ದರು. ಕೈಗೆಲ್ಲ ಕೊಬ್ಬರಿ ಎಣ್ಣೆ. ಊರಿನ ಪದ್ಯ ಹೇಳಿ ಅಂದೆ. ಕೈ ನಿಲ್ಲಿಸಲಿಲ್ಲ, ಹಾಗೇ ಶುರು ಮಾಡಿದರು. ‘ನಂಬಿ ಮಾತನು ಜನರು ಹೊರಟರು’. ನನಗೆ ಎದ್ದು ಕುಣಿಯುವ ಹಾಗಾಯಿತು. ಪೂರ್ತಿ ಹೇಳಿಸಿಕೊಂಡೆ. ‘ವರುಷದ’ ಅಂದರು, ‘ಜನಗಳು’ ಅಂದರು. ಎಲ್ಲ ನೋಟ್‌ಬುಕ್ಕಿನ ಹಾಗೇ. ಕರಪತ್ರದಲ್ಲಿ ಬೇರೆ ಇದೆ ಅತ್ತೆ, ಯಾರು ತಿದ್ದಿದ್ದು ಅಂತ ಕೇಳಿದೆ.

“ಯಾರು ತಿದ್ದುತ್ತಾರೆ? ಅಪ್ಪಯ್ಯನೇ” ಅಂದರು.

ಪ್ರತಿಷ್ಠೆಗೆ ದೊಡ್ಡವರೊಬ್ಬರು ಬರುವವರಿದ್ದರಂತೆ. ಇವರ ಜಾಗದ ಕಾಗದ ಆಗಿನ್ನೂ ಆಗಿರಲಿಲ್ಲ. ಅವರ ಎದುರಿಗೆ ‘ನಂಬಿ ಮಾತನು’ ಅಂತ ಓದಿದರೆ ಚುಚ್ಚಿದ ಹಾಗಾಗುತ್ತದೆ, ಆಮೇಲೆ ಕೆಲಸ ಆಗಲಿಕ್ಕಿಲ್ಲ ಅಂತ ಹಿರಿಯರು ಕೂತು ಮಾತಾಡಿದರಂತೆ. ಅಜ್ಜಯ್ಯ ಒಂದು ರಾತ್ರಿ ಜಗಲಿಯಲ್ಲಿ ಕೂತು, ಬೆರಳು ಮಡಚಿ ಎಣಿಸಿ, ‘ತುಂಬು ಮನದಲಿ’ ಮಾಡಿಕೊಟ್ಟರಂತೆ. ನೋಟ್‌ಬುಕ್ಕಿನಲ್ಲಿ ಮಾತ್ರ ತಿದ್ದಲಿಲ್ಲ. ಮನೆಯಲ್ಲಿ ಹಾಡುವಾಗ ಹಳೆಯದೇ.

ಅಂದರೆ ಎರಡೂ ಅವರದ್ದೇ.

ಶಾಸನ ಹುಚ್ಚ

ಹೊರಗಿನವರು ಕೈ ಹಾಕಿದರು ಅಂದ ನನ್ನ ಮಾತು ವಾಪಸ್. ಆಗುಂಬೆ, ನಿನ್ನ ‘ತುಂಬಿ–ತುಂಬು’ ಆಟವೂ ಸರಿ ಇರಬಹುದು. ಬೇಕಂತ ಹುಡುಕಿದ್ದಲ್ಲ, ಬೇರೆ ದಾರಿ ಇಲ್ಲದೆ ಸಿಕ್ಕಿದ್ದು.

ಗಮಕದ ಅಕ್ಕ

ಬೆರಳು ಮಡಚಿ ಎಣಿಸಿದರು ಅಂದದ್ದು ನನಗೆ ತಾಗಿತು. ಮೊದಲ ಸಲ ಬರೆಯುವಾಗ ಕಿವಿ ಸಾಕಾಗಿತ್ತು. ತಿದ್ದುವಾಗ ಬೆರಳು ಬೇಕಾಯಿತು.

ಈಗ ‘ಕ್ರೋಧವಿಲ್ಲವು ಹೊಳೆಗೆ ನಮ್ಮಲಿ, ಬೋಧೆ ಬೇಡವು ನಮಗೆ ಬೆಳಕಿನ’ ಇನ್ನೊಂದು ಸಲ ಓದಿ. ನಾಡಿಗೆ ಕರೆಂಟು ಸಿಕ್ಕಿತು, ನೀವು ತ್ಯಾಗ ಮಾಡಿದಿರಿ ಅಂತ ಭಾಷಣ ಮಾಡುವವರಿಗೆ ಹೇಳಿದ ಮಾತು ಅದು. ಅದನ್ನು ದೊಡ್ಡವರ ಎದುರಿಗೇ ಓದಿದ್ದಾರೆ! ಹಿರಿಯರ ಕಣ್ಣು ನಾಲ್ಕನೇ ಸಾಲಿನ ಮೇಲಿತ್ತು, ಹನ್ನೊಂದನೇ ಸಾಲು ಹಾಗೇ ದಾಟಿತು.

ಆಗುಂಬೆ ಮಳೆ

‘ಬೇಡವು’ ಬಗ್ಗೆ ನಾನು ಹೇಳಿದ್ದನ್ನೂ ವಾಪಸ್ ತಗೊಳ್ತೇನೆ. ‘ಬೇಡ’ ಅಂದರೆ ಮುಖಕ್ಕೆ ಹೊಡೆದ ಹಾಗೆ ಇರುತ್ತಿತ್ತು. ‘ಬೇಡವು’ ಅಂದದ್ದಕ್ಕೇ ಯಾರಿಗೂ ಗೊತ್ತಾಗಲಿಲ್ಲವೇನೋ. ಪ್ರಾಸದ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಅಡಿಕೆ ಸಿಪ್ಪೆ

ಹಾಗಾದರೆ ಕಲ್ಲಿಗೆ ಯಾವುದು?

ಸಮಿತಿಯಲ್ಲೊಬ್ಬ

ನಿನ್ನೆ ಕೂತಿದ್ದೆವು. ಮೊಮ್ಮಗ ದೊಡ್ಡತ್ತೆಯನ್ನೇ ಕರೆದುಕೊಂಡು ಬಂದಿದ್ದ. ಅವರು ಹಾಡಿದರು. ನಮ್ಮ ಅಪ್ಪ ಮೂಲೆಯಲ್ಲಿ ಕೂತಿದ್ದವರು ‘ನಂಬಿ ಮಾತನು’ ಬಂದ ಕೂಡಲೇ ಜೊತೆಗೆ ದನಿ ಸೇರಿಸಿದರು. ನನಗೆ ಗೊತ್ತೇ ಇರಲಿಲ್ಲ ಅವರಿಗೆ ಅದು ಬರುತ್ತದೆ ಅಂತ. ಆಮೇಲೆ ಯಾರೂ ಚರ್ಚೆ ಮಾಡಲಿಲ್ಲ. ‘ನಂಬಿ’ಯೇ. ಕರಪತ್ರವನ್ನು ಗಾಜು ಹಾಕಿಸಿ ದೇವಸ್ಥಾನದ ಕಚೇರಿಯಲ್ಲಿ ಇಡುತ್ತೇವೆ.

ಮುಳುಗಡೆ ಮೊಮ್ಮಗ

ಕಲ್ಲಿನವರಿಗೆ ಬೆಳಿಗ್ಗೆ ಪ್ರತಿ ಕೊಟ್ಟು ಬಂದೆ. ಸೊನ್ನೆ ಜಾಸ್ತಿ ಇದೆ ಮಾರಾಯ್ರೆ, ಉಳಿ ತಿರುಗಿಸಿ ತಿರುಗಿಸಿ ಸಾಕಾಗುತ್ತದೆ ಅಂದರು. ಆರು ಸಾಲಿಗೂ ಬೇಕೇ ಬೇಕು ಅಂದೆ.

ಹೊಸನಗರದ ಮೇಷ್ಟ್ರು

‘ಜನಗಳು’ ಸರಿಯಾಗಿ ಬರೆದುಕೊಟ್ಟೆಯಾ?

ಮುಳುಗಡೆ ಮೊಮ್ಮಗ

ಹೂಂ ಮೇಷ್ಟ್ರೇ. ಬೆರಳು ಮಡಚಿ ಎರಡು ಸಲ ಎಣಿಸಿದೆ.